ಹೊನ್ನವ್ವ ಕೋಂ ಕೆಂಚಪ್ಪ

ಎಂಜಲು ಬೆರಳಿನಲ್ಲಿ ಹಳೆಯ ರಿಜಿಸ್ಟರಿನ ಹಾಳೆ ಮಗುಚಿದವನು ಎಂಥ ದೊಡ್ಡ ಮನುಷ್ಯನಾಗಿರಲಿ, ಜಗದಾಂಬಾ ಅವನ ಕೈಯಿಂದ ಪುಸ್ತಕ ಕಿತ್ತುಕೊಳ್ಳುತ್ತಿದ್ದಳು. ಭದ್ರಾವತಿಯ ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಅವಳು ಮೂವತ್ತೊಂದು ವರ್ಷ ಕಳೆದದ್ದೇ ಹಾಗೆ. ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ಬೆಳಿಗ್ಗೆ ಒಂಬತ್ತರ ಬಸ್ಸು, ಸಂಜೆ ಆರರ ಬಸ್ಸು. ನಡುವೆ ಕೆಂಪು ಬಟ್ಟೆಯ ಕಟ್ಟುಗಳು, ಬೆಳ್ಳಿಹುಳ, ಸೀನು. ವಕೀಲರು ಬೆನ್ನ ಹಿಂದೆ ಬೈಯುತ್ತಿದ್ದರು, ಎದುರಿಗೆ ಮೇಡಂ ಎನ್ನುತ್ತಿದ್ದರು. ಯಾಕೆಂದರೆ ಬೇರೆಯವರು ಮೂರು ದಿನ ಹುಡುಕಿ ಇಲ್ಲವೆಂದು ಕೈಚೆಲ್ಲಿದ ಹಾಳೆಯನ್ನು ಅವಳು ಕಾಲು ಗಂಟೆಯಲ್ಲಿ ತೆಗೆದು ಮೇಜಿನ ಮೇಲೆ ಕುಕ್ಕುತ್ತಿದ್ದಳು. ನಿವೃತ್ತಿಯ ದಿನ ಹಾರ ಹಾಕಿದ ಅಧಿಕಾರಿ, "ಜಗದಾಂಬಾ ಮೇಡಂ ಸಿಟ್ಟು ಈ ಕಚೇರಿಯ ಆಸ್ತಿ" ಎಂದು ಭಾಷಣ ಮಾಡಿದ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಅದೆಲ್ಲ ಬರೀ ಬಾಯಿಯ ಸಿಟ್ಟು, ಬಂದಷ್ಟೇ ಬೇಗ ಇಳಿಯುವಂಥದ್ದು. ಇಳಿಯದ ಸಿಟ್ಟು ಅಂದರೇನೆಂದು ಅವಳಿಗೆ ತಿಳಿದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ, ತಾನು ಹುಟ್ಟುವ ಎಷ್ಟೋ ಕಾಲ ಮೊದಲೇ ಮಣ್ಣಾಗಿ ಹೋಗಿದ್ದ ಒಬ್ಬ ಹೆಂಗಸಿನ ಸಲುವಾಗಿ.

ಶುರುವಾದದ್ದು ಅವಳ ಅಣ್ಣ ಶಿವಶಂಕರಪ್ಪನಿಂದ. ಶಿವಮೊಗ್ಗದಲ್ಲಿ ಪಂಪ್‌ಸೆಟ್ಟು, ಪೈಪುಗಳ ಅಂಗಡಿ ಇಟ್ಟು ನಾಲ್ಕು ಜನರ ಬಾಯಲ್ಲಿ ಯಜಮಾನರೇ ಎನ್ನಿಸಿಕೊಂಡವನು ಅವನು. ವ್ಯಾಪಾರವನ್ನು ಮಗನಿಗೆ ಬಿಟ್ಟ ಮೇಲೆ ಮನೆತನದ ಪುಸ್ತಕ ಬರೆಯುವ ಹುಚ್ಚು ಹತ್ತಿತು. ಹೊಳೆಹೊನ್ನೂರಿನ ಹತ್ತಿರದ ಬಿಳಿಗಲ್ಲುಕೊಪ್ಪದಿಂದ ಹೊರಟು ಎಲ್ಲೆಲ್ಲೋ ಹಂಚಿಹೋದ ಏಳು ತಲೆಮಾರಿನ ಹೆಸರು ಕೂಡಿಸಿದ. ಒಂದು ಬೆಳಿಗ್ಗೆ ತಂಗಿಯ ಮನೆಗೆ ಬಂದು ಕಾಫಿ ಕುಡಿಯುತ್ತ ಹೇಳಿದ:

"ಪುಸ್ತಕ ರೆಡಿ ಆದಂಗೇ ಕಣೇ. ಕೆಂಚಪ್ಪಜ್ಜನ ಹೆಸರಿರೋ ಒಂದು ಹಳೇ ಕಾಗದ ಸಿಕ್ಕಿಬಿಟ್ರೆ ಮೊದಲನೇ ಪುಟಕ್ಕೆ ಹಾಕಿಸ್ತೀನಿ. ನೀನು ಬಿಟ್ರೆ ಇನ್ಯಾರು ಹುಡುಕ್ತಾರೆ?"

ಕೆಂಚಪ್ಪಜ್ಜ ಎಂದರೆ ಮನೆತನದ ಮೂಲಪುರುಷ. ಅವನ ಕತೆ ಜಗದಾಂಬಾ ತೊಟ್ಟಿಲಿನಿಂದಲೇ ಕೇಳಿದ್ದು. ಧಾತು ಸಂವತ್ಸರದ ದೊಡ್ಡ ಬರದಲ್ಲಿ, ಅಂದರೆ ಸಾವಿರದ ಎಂಟುನೂರ ಎಪ್ಪತ್ತಾರರಲ್ಲಿ, ಊರಿಗೆ ಊರೇ ಗಂಟು ಕಟ್ಟಿ ಹೊರಟಾಗ ಅವನೊಬ್ಬ ಹೊಲ ಬಿಟ್ಟು ಕದಲಲಿಲ್ಲವಂತೆ. ಬಿಳಿಗಲ್ಲು ಒಡೆದು ಬಾವಿ ತೋಡಿ ನೀರು ಕಂಡನಂತೆ. ಆ ನೀರಿನಿಂದಲೇ ವಂಶ ಉಳಿಯಿತಂತೆ. ಬಾವಿ ಈಗಲೂ ಗದ್ದೆಯ ತಲೆಯಲ್ಲಿದೆ. ಕೆಂಚಪ್ಪನ ಬಾವಿ ಎಂದೇ ಕರೆಯುತ್ತಾರೆ. ಪುಸ್ತಕದ ರಟ್ಟಿನ ಮೇಲೂ ಅದರದೇ ಬಣ್ಣದ ಫೋಟೋ ಬರಲಿತ್ತು.

ಜಗದಾಂಬಾಗೆ ನಿಜಕ್ಕೂ ಖುಷಿಯಾಯಿತು. ಊರವರಿಗೆಲ್ಲ ಅವರವರ ಮುತ್ತಜ್ಜಂದಿರನ್ನು ಹುಡುಕಿಕೊಟ್ಟವಳು ತನ್ನವರನ್ನು ಒಮ್ಮೆಯೂ ಹುಡುಕಿರಲಿಲ್ಲ. ಮಾರನೆಯ ದಿನವೇ ಹಳೆಯ ಬಸ್ಸು ಹತ್ತಿ ಹಳೆಯ ಕಚೇರಿಗೆ ಹೋದಳು. ಅವಳ ಕೈಕೆಳಗೆ ಕೆಲಸ ಕಲಿತ ಸುದರ್ಶನ ಈಗ ಅವಳ ಕುರ್ಚಿಯಲ್ಲಿದ್ದ. ಅರ್ಜಿ ಬರೆಸಿಕೊಂಡು, ಬಿಳಿಗಲ್ಲುಕೊಪ್ಪದ ಕಟ್ಟನ್ನು ತಂದು ಅವಳ ಮುಂದಿಟ್ಟು ಪಕ್ಕದಲ್ಲೇ ನಿಂತ.

ಭದ್ರಾವತಿಯನ್ನು ಬೆಂಕಿಪುರ ಎಂದು ಕರೆಯುತ್ತಿದ್ದ ಕಾಲದ ಖಾತೆ ಪುಸ್ತಕ ಅದು. ಊರ ಕೆರೆಯ ಕೆಳಗಿನ ಗದ್ದೆ, ಬಾವಿಯ ಹೊಲ ಎರಡೂ ಒಂದೇ ಹಾಳೆಯಲ್ಲಿ ಸಿಕ್ಕವು. ಖಾತೆದಾರರ ಹೆಸರಿನ ಜಾಗದಲ್ಲಿ ಬರೆದದ್ದು ಹೀಗಿತ್ತು: ಹೊನ್ನವ್ವ ಕೋಂ ಕೆಂಚಪ್ಪ.

ಹಳೆಯ ಕಾಗದಗಳಲ್ಲಿ ಇಂಥವನ ಮಗ ಎನ್ನಲು 'ಬಿನ್' ಎಂದೂ ಇಂಥವನ ಹೆಂಡತಿ ಎನ್ನಲು 'ಕೋಂ' ಎಂದೂ ಬರೆಯುವುದು ವಾಡಿಕೆ. ಕೆಂಚಪ್ಪನ ಹೆಂಡತಿ ಹೊನ್ನವ್ವನ ಹೆಸರಿನಲ್ಲಿ ಜಮೀನಿತ್ತು. ಆ ಹೆಸರಿನ ಮೇಲೆ ಉದ್ದಕ್ಕೆ ಕೆಂಪು ಗೀಟು ಎಳೆದು ಕೆಳಗೆ 'ಕೆಂಚಪ್ಪ ಬಿನ್ ಮಲ್ಲಪ್ಪ' ಎಂದು ಬರೆದಿದ್ದರು. ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದ ಒಂದೇ ಸಾಲು: 'ಯಜಮಾನ ಊರಿಗೆ ಹಾಜರಾದ್ದರಿಂದ ಖಾತೆ ಬದಲು.'

ಅವಳು ಆ ಸಾಲನ್ನು ಮೂರು ಸಲ ಓದಿದಳು. ಹಾಜರಾಗಬೇಕಾದರೆ ಮೊದಲು ಗೈರುಹಾಜರಾಗಿರಬೇಕಲ್ಲ.

"ಇವನು ಎಲ್ಲಿಗೆ ಹೋಗಿದ್ದ?" ಎಂದು ಸುದರ್ಶನನನ್ನೇ ಕೇಳಿದಳು, ಅವನು ಕಂಡವನ ಹಾಗೆ.

"ಅದಕ್ಕಿಂತ ಹಿಂದಿನದು ನಮ್ಮಲ್ಲಿ ಇಲ್ಲ ಮೇಡಂ. ಹೊಳೆಹೊನ್ನೂರಲ್ಲಿ ಯಜ್ಞನಾರಾಯಣ ಅಂತ ಇದ್ದಾರೆ, ಸಂಸ್ಕೃತ ಮೇಷ್ಟ್ರಾಗಿದ್ದವರು. ಆ ಕಡೆ ಊರುಗಳ ಶಾನುಭೋಗರ ಮನೆತನ. ಅವರ ಹತ್ರ ಒಂದು ಟ್ರಂಕ್ ತುಂಬ ಕಡತ ಇದೆ. ಯಾರಿಗೂ ಕೊಡಲ್ಲ, ಮನೆಗೆ ಬಂದ್ರೆ ತೋರಿಸ್ತಾರೆ."

ಬುಧವಾರ ಅವಳು ಹೊಳೆಹೊನ್ನೂರಿಗೆ ಹೋದಳು. ಯಜ್ಞನಾರಾಯಣರಿಗೆ ಎಂಬತ್ತು ಸಮೀಪಿಸಿತ್ತು. ಬಂದ ಕೆಲಸ ಕೇಳಿ, ಅವಳು ಪುಟ ಮಗುಚುವ ರೀತಿಯನ್ನು ಸ್ವಲ್ಪ ಹೊತ್ತು ನೋಡಿ, ಟ್ರಂಕನ್ನು ನಡುಮನೆಗೆ ಎಳೆಸಿದರು. ಅವರ ಹೆಂಡತಿ ಸರಸ್ವತಿ ನೆಲದ ಮೇಲೆ ಒಂದು ಹಳೆಯ ಪಂಚೆ ಹಾಸಿಕೊಟ್ಟರು.

"ಖಾನೇಷುಮಾರಿ ಗೊತ್ತಲ್ಲ, ಮನೆಮನೆ ಜನಗಣತಿ?" ಎಂದರು ಮೇಷ್ಟರು. "ಸರ್ಕಾರದೋರು ಲೆಕ್ಕ ಕೂಡಿಸಿಕೊಂಡು ಮೂಲ ಹಾಳೆ ಉಳಿಸ್ತಾ ಇರಲಿಲ್ಲ. ನಮ್ಮ ಮುತ್ತಜ್ಜನಿಗೆ ಯಾರ ಮೇಲೂ ನಂಬಿಕೆ ಇಲ್ಲ. ಪ್ರತಿಯೊಂದಕ್ಕೂ ಒಂದು ನಕಲು ಇಟ್ಟುಕೊಳ್ತಿದ್ದ. ಬಿಳಿಗಲ್ಲುಕೊಪ್ಪದ್ದು ಎರಡು ಸಲದ್ದಿದೆ. ವಿಕ್ರಮ ಸಂವತ್ಸರದ್ದೊಂದು, ವಿಕೃತಿಯದ್ದೊಂದು. ಅಂದ್ರೆ ಎಂಬತ್ತೊಂದು, ತೊಂಬತ್ತೊಂದು."

ಅಕ್ಷರ ಮೋಡಿಯದ್ದು, ಒಂದಕ್ಕೊಂದು ಕೊಂಡಿ ಹಾಕಿದಂತೆ ಹರಿದಿತ್ತು. ಮೇಷ್ಟರು ಕನ್ನಡಕ ಒರೆಸಿಕೊಂಡು ಓದುತ್ತ ಹೋದರು, ಅವಳು ಬರೆದುಕೊಂಡಳು.

ಎಂಬತ್ತೊಂದರ ಹಾಳೆ, ಮನೆ ನಂಬರು ಹದಿನಾಲ್ಕು. ಯಜಮಾನಿ ಹೊನ್ನವ್ವ, ವಯಸ್ಸು ಇಪ್ಪತ್ತೆಂಟು. ಗಂಡ ಕೆಂಚಪ್ಪ ಧಾತು ಸಂವತ್ಸರದಲ್ಲಿ ಊರು ಬಿಟ್ಟು ಹೋಗಿದ್ದಾನೆ, ಇರವು ತಿಳಿಯದು. ಮಗ ಮಲ್ಲಪ್ಪ ಎಂಟು, ಮಗಳು ಬಸವ್ವ ಆರು. ಎತ್ತು ಎರಡು, ಕರು ಒಂದು. ಬಾವಿ ಒಂದು, ಹೊಸತು. ಹೊನ್ನವ್ವನ ಕಸುಬು: ಆರಂಭ.

ಬೇಸಾಯಕ್ಕೆ ಆಗಿನವರು ಬಳಸುತ್ತಿದ್ದ ಮಾತು ಆರಂಭ. ಹೊನ್ನವ್ವ ಬೇಸಾಯಗಾರ್ತಿ. ಮನೆಗೆ ಯಜಮಾನಿ. ಬಾವಿ ಹೊಸತು. ಆ ಬಾವಿ ಆದಾಗ ಕೆಂಚಪ್ಪ ಊರಲ್ಲೇ ಇರಲಿಲ್ಲ.

ಮೇಷ್ಟರು ಎರಡನೆಯ ಕಟ್ಟು ಬಿಚ್ಚಿದರು. ತೊಂಬತ್ತೊಂದು, ಅದೇ ಮನೆ. ಯಜಮಾನ ಕೆಂಚಪ್ಪ ಬಿನ್ ಮಲ್ಲಪ್ಪ, ವಯಸ್ಸು ನಲವತ್ತೈದು, ಕಸುಬು ಆರಂಭ. ಎತ್ತು ನಾಲ್ಕು. ಬಾವಿ ಒಂದು. ಹೊನ್ನವ್ವ ಕೋಂ ಕೆಂಚಪ್ಪ, ಮೂವತ್ತೆಂಟು, ಕಸುಬು: ಮನೆಗೆಲಸ.

ಜಗದಾಂಬಾ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು.

"ಅಕ್ಷರ ಒಂದೇ ಥರ ಇದೆ."

"ಒಂದೇ ಕೈ. ಎರಡೂ ನಮ್ಮ ಮುತ್ತಜ್ಜನದೇ."

"ಹಾಗಾದ್ರೆ ಅವರಿಗೆ ಗೊತ್ತಿತ್ತು. ಹತ್ತು ವರ್ಷದ ಹಿಂದೆ ತಾವೇ ಬರೆದಿದ್ದು ಅವರಿಗೆ ನೆನಪಿತ್ತು."

ಮೇಷ್ಟರು ಕನ್ನಡಕ ತೆಗೆದರು. "ಗೊತ್ತಿತ್ತಮ್ಮ. ಆದ್ರೆ ಮನೆ ಯಜಮಾನ ಹೇಳಿದ್ದನ್ನ ಬರ್ಕೊಳ್ಳೋದಷ್ಟೇ ಅವನ ಕೆಲಸ. ಶಾನುಭೋಗನ ಕೈಯಲ್ಲಿ ಏನಿತ್ತು ಹೇಳಿ."

ಅವಳ ಬಾಯಿಗೆ ಖಾರವಾದ ಮಾತು ಬಂದಿತ್ತು. ಅದು ಅಲ್ಲೇ ನಿಂತಿತು. ಈ ಮಾತನ್ನು ಅವಳೂ ಆಡಿದ್ದಳು.

ಆಗ ಅವಳು ಕೆಲಸಕ್ಕೆ ಸೇರಿ ಹತ್ತೋ ಹನ್ನೊಂದೋ ವರ್ಷ. ದುರ್ಗಮ್ಮ ಎಂಬ ಹೆಂಗಸು ಮಲವಗೊಪ್ಪದ ಕಡೆಯಿಂದ ಬಂದು ಕಿಟಕಿಯ ಹೊರಗೆ ನಿಂತಿದ್ದಳು. ಅಪ್ಪ ತೀರಿದ ಮೇಲೆ ಅಣ್ಣತಮ್ಮಂದಿರು ವಂಶವೃಕ್ಷ ಬರೆಸಿ ಜಮೀನು ಮಾಡಿಸಿಕೊಂಡಿದ್ದರು. ಆ ವಂಶವೃಕ್ಷದಲ್ಲಿ ಗಂಡುಮಕ್ಕಳು ಮೂವರೇ. ಅಪ್ಪನನ್ನು ಹದಿಮೂರು ವರ್ಷ ಹಾಸಿಗೆಯಲ್ಲಿ ನೋಡಿಕೊಂಡು, ಅದೇ ಹೊಲದಲ್ಲಿ ಕಳೆ ಕಿತ್ತ ಮಗಳು ಆ ಕಾಗದದ ಪ್ರಕಾರ ಹುಟ್ಟಿಯೇ ಇರಲಿಲ್ಲ. "ಸರಿಯಾಗಿ ನೋಡಿ ಅಮ್ಮ, ಇನ್ನೊಂದ್ಸಲ ನೋಡಿ" ಎಂದು ದುರ್ಗಮ್ಮ ಕೇಳಿದಳು. ಜಗದಾಂಬಾ ಇನ್ನೊಂದು ಸಲ ನೋಡಲಿಲ್ಲ. "ನಿನ್ನ ಹೆಸರು ಇದರಲ್ಲಿ ಇಲ್ಲಮ್ಮ. ಅವರು ಬರೆಸಿದ್ದನ್ನ ಇಟ್ಕೊಳ್ಳೋದಷ್ಟೇ ನಮ್ಮ ಕೆಲಸ" ಎಂದು ಕಡತ ಮುಚ್ಚಿದಳು. ತಕರಾರು ಹಾಕಬಹುದು, ಇಂಥಲ್ಲಿ ಹೋಗು ಎಂದು ಒಂದು ಮಾತು ಹೇಳಬಹುದಿತ್ತು. ಊಟದ ಹೊತ್ತಾಗಿತ್ತು, ಹೇಳಲಿಲ್ಲ. ದುರ್ಗಮ್ಮ ಮತ್ತೆ ಆ ಕಿಟಕಿಗೆ ಬರಲಿಲ್ಲ.

ಎರಡೂ ಹಾಳೆಗಳ ಫೋಟೋವನ್ನು ಫೋನಿನಲ್ಲಿ ತೆಗೆದುಕೊಂಡು ಅವಳು ಶಿವಮೊಗ್ಗಕ್ಕೆ ವಾಪಸು ಬಂದಳು. ಮನೆಯಲ್ಲಿ ಗಂಡ ವಿಜಯಕುಮಾರ ಅವಳ ಮುಖ ನೋಡಿದ ಕೂಡಲೇ ಟಿವಿ ಆರಿಸಿದ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಅವನು ಹೆಂಡತಿಯ ಸಿಟ್ಟನ್ನು ಡಿಗ್ರಿಯಲ್ಲಿ ಅಳೆಯುತ್ತಿದ್ದ. ಆ ದಿನ ಅಳೆಯಲಿಲ್ಲ, ಅನ್ನಕ್ಕೆ ಇಟ್ಟ.

ಮಾರನೆಯ ದಿನ ಶಿವಶಂಕರಪ್ಪ ತನ್ನ ಮನೆಯಲ್ಲಿ ಕೂತು ಆ ಫೋಟೋಗಳನ್ನು ನೋಡಿದ. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದ. ಅವನ ಮಗಳು ರಶ್ಮಿ, ಪುಸ್ತಕವನ್ನು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದವಳು, ಅಲ್ಲೇ ಕೂತಿದ್ದಳು.

"ಒಳ್ಳೇದಾಯ್ತು. ತೊಂಬತ್ತೊಂದರದ್ದು ಹಾಕೋಣ" ಎಂದ. "ಯಜಮಾನ ಕೆಂಚಪ್ಪ, ಕಸುಬು ಆರಂಭ. ಇದೇ ಬೇಕಿತ್ತು ನನಗೆ."

"ಎಂಬತ್ತೊಂದರದ್ದು?"

"ಅದೆಲ್ಲ ಯಾಕೀಗ?"

"ಯಾಕೆ ಅಂದ್ರೆ? ಬಾವಿ ತೋಡಿಸಿದವಳು ಅವಳು. ಬರದಲ್ಲಿ ಎರಡು ಮಕ್ಕಳನ್ನ ಉಳಿಸಿ, ಗದ್ದೆ ಉಳಿಸಿದವಳು ಅವಳು. ನಿನ್ನ ಮೂಲಪುರುಷ ಓಡಿಹೋಗಿದ್ದ."

"ಓಡಿಹೋಗಿದ್ದ ಅಂತ ಎಲ್ಲಿ ಬರೆದಿದೆ? ಊರು ಬಿಟ್ಟು ಹೋಗಿದ್ದಾನೆ ಅಂತಿದೆ. ದುಡಿಯೋಕೆ ಹೋಗಿರಬಹುದು."

"ಇರವು ತಿಳಿಯದು ಅಂತಿದೆ. ದುಡಿಯೋಕೆ ಹೋದವನು ಒಂದು ಮಾತು ಹೇಳಿ ಕಳಿಸ್ತಿದ್ದ."

ಶಿವಶಂಕರಪ್ಪ ಧ್ವನಿ ಇಳಿಸಿದ. ಅಂಗಡಿಯಲ್ಲಿ ಗಿರಾಕಿಯನ್ನು ಸಮಾಧಾನ ಮಾಡುವ ಧ್ವನಿ ಅದು. "ನೋಡು ಮಾರಾಯ್ತಿ, ಮುನ್ನೂರು ಜನ ಸೇರ್ತಾರೆ. ಬೀಗರು ಬರ್ತಾರೆ. ನಮ್ಮ ವಂಶದ ಮೂಲ ಹೆಂಡ್ತಿ ಮಕ್ಕಳನ್ನ ಬಿಟ್ಟು ಹೋದವನು ಅಂತ ನಾವೇ ಅಚ್ಚು ಹಾಕಿಸೋದಾ? ಅಜ್ಜಿಗೂ ಒಂದು ಸಾಲು ಹಾಕೋಣ, ಬಿಡು. ರಶ್ಮಿ, ಬರ್ಕೋ. ಇವರ ಧರ್ಮಪತ್ನಿ ಹೊನ್ನಮ್ಮನವರು ಸಾಧ್ವಿಯೂ ಪತಿಪರಾಯಣೆಯೂ ಆಗಿದ್ದರು."

ಜಗದಾಂಬಾ ಎದ್ದು ನಿಂತಳು. ಅವಳಿಗೆ ಸಿಟ್ಟು ಬಂದರೆ ಧ್ವನಿ ಏರುತ್ತದೆಂದು ಎಲ್ಲರೂ ತಿಳಿದಿದ್ದರು. ಆ ದಿನ ಏರಲಿಲ್ಲ.

"ಅವಳ ಹೆಸರು ಹೊನ್ನವ್ವ. ಹೊನ್ನಮ್ಮನವರು ಅಲ್ಲ. ಅದನ್ನಾದರೂ ಸರಿಯಾಗಿ ಬರಿ" ಎಂದು ಚಪ್ಪಲಿ ಮೆಟ್ಟಿಕೊಂಡಳು.

ಪುಸ್ತಕ ಅಚ್ಚಾಗಿ ಬಂತು. ರಟ್ಟಿನ ಮೇಲೆ ಬಾವಿ, ಮೊದಲ ಪುಟದಲ್ಲಿ ತೊಂಬತ್ತೊಂದರ ಹಾಳೆ, ಹನ್ನೆರಡನೆಯ ಪುಟದಲ್ಲಿ ಸಾಧ್ವಿ ಹೊನ್ನಮ್ಮನವರು. ಬಿಡುಗಡೆಗೆ ಶಿವಮೊಗ್ಗದ ಒಂದು ಕಲ್ಯಾಣ ಮಂಟಪ ಗೊತ್ತಾಗಿತ್ತು. ಹಿಂದಿನ ದಿನ ಜಗದಾಂಬಾ ಝೆರಾಕ್ಸ್ ಅಂಗಡಿಗೆ ಹೋಗಿ ಎರಡು ಖಾನೇಷುಮಾರಿ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಒಂದೇ ಹಾಳೆಗೆ ಬರುವಂತೆ ಮಾಡಿಸಿದಳು. ಮೋಡಿ ಯಾರಿಗೂ ಓದಲು ಬಾರದೆಂದು ಕೆಳಗೆ ತನ್ನ ದುಂಡಗಿನ ಕಚೇರಿ ಅಕ್ಷರದಲ್ಲಿ ಇದ್ದದ್ದನ್ನು ಇದ್ದಂತೆ ಬರೆದಳು. ತನ್ನದೊಂದು ಮಾತೂ ಸೇರಿಸಲಿಲ್ಲ. ಇನ್ನೂರು ಪ್ರತಿ ತೆಗೆಸಿ ತರಕಾರಿ ಚೀಲದಲ್ಲಿ ಹಾಕಿಕೊಂಡು ಹೋದಳು.

ಸಭೆಯಲ್ಲಿ ದಾಖಲೆ ಸಂಗ್ರಹಕ್ಕಾಗಿ ಸನ್ಮಾನ ಎಂದು ಅವಳ ಹೆಸರನ್ನೂ ಕೂಗಿದರು. ಮೂರನೆಯ ಸಾಲಿನಲ್ಲಿ ಕೂತವಳು ಏಳಲಿಲ್ಲ. ಎರಡನೆಯ ಸಲ ಕೂಗಿದರು, ಮೂರನೆಯ ಸಲ ಕೂಗಿದರು. ಶಿವಶಂಕರಪ್ಪ ಶಾಲು ಹಿಡಿದುಕೊಂಡು ವೇದಿಕೆಯ ಮೇಲೆ ನಿಂತೇ ಇದ್ದ. ಕೊನೆಗೆ ಮೈಕಿನವನು ಮುಂದಿನ ಹೆಸರಿಗೆ ಹೋದ.

ಊಟದ ಪಂಕ್ತಿ ಕೂತಾಗ ಅವಳು ಚೀಲ ತೆಗೆದಳು. ಪ್ರತಿಯೊಂದು ಎಲೆಯ ಪಕ್ಕದಲ್ಲಿ ಒಂದೊಂದು ಹಾಳೆ ಇಡುತ್ತ ಬಂದಳು. ಹೆಂಗಸರ ಸಾಲು ಮುಗಿಯುವ ಹೊತ್ತಿಗೆ ರಶ್ಮಿ ಎದುರಿಗೆ ಬಂದಳು. ತಡೆಯಲು ಬಂದಳೆಂದೇ ಜಗದಾಂಬಾ ಮುಖ ಗಂಟಿಕ್ಕಿಕೊಂಡಳು. ರಶ್ಮಿ ಚೀಲಕ್ಕೆ ಕೈಹಾಕಿ ಒಂದು ಹಿಡಿ ಹಾಳೆ ತೆಗೆದುಕೊಂಡು, ಅಪ್ಪ ನೋಡುತ್ತಿದ್ದಂತೆಯೇ ಗಂಡಸರ ಸಾಲಿಗೆ ಹೋದಳು.

ಯಾರೂ ಎದ್ದು ಕೂಗಾಡಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಲುಗುವ ಮೇಜಿನ ಕಾಲಿಗೆ ಕೊಟ್ಟ. ದೊಡ್ಡಪ್ಪನ ಮಗ ವಿಶ್ವಾರಾಧ್ಯ, ನಿವೃತ್ತ ಇಂಜಿನಿಯರು, ಪೂರ್ತಿ ಓದಿ ಅವಳನ್ನು ಹತ್ತಿರ ಕರೆದು ಕೇಳಿದ: "ಇದರಿಂದ ಈಗ ಆಸ್ತಿಗೇನಾದ್ರೂ ತೊಂದರೆ ಇದೆಯಾ?"

"ಇಲ್ಲ."

"ಹಾಗಾದ್ರೆ ಸರಿ" ಎಂದು ಅವನು ಪಾಯಸಕ್ಕೆ ತಿರುಗಿದ.

ಆ ಕ್ಷಣಕ್ಕೆ ಪಾಯಸದ ಬಕೆಟ್ಟನ್ನು ಅವನ ಎಲೆಗೇ ಬೋರಲು ಹಾಕಬೇಕೆನ್ನಿಸಿತು ಎಂದು ಅವಳು ಆಮೇಲೆ ಗಂಡನಿಗೆ ಹೇಳಿದಳು. ಹಾಕಲಿಲ್ಲ. ಹೆಂಗಸರ ಸಾಲಿನ ಕೊನೆಯಿಂದ ಯಾರೋ ಅವಳ ಸೆರಗು ಹಿಡಿದು ಎಳೆದಿದ್ದರು.

ಹಾಲಮ್ಮ. ಬಿಳಿಗಲ್ಲುಕೊಪ್ಪದಲ್ಲೇ ಉಳಿದ ಮನೆಯ ಸೊಸೆ, ತೊಂಬತ್ತರ ಆಚೀಚೆ. ಓದು ಬರದವಳು ಹಾಳೆಯನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದಳು.

"ಏನಿದೆ ಇದ್ರಾಗೆ, ಓದು."

ಜಗದಾಂಬಾ ಪಕ್ಕದಲ್ಲಿ ಕೂತು ಓದಿದಳು. ಹಾಲಮ್ಮ ಕೇಳುತ್ತ ಕೇಳುತ್ತ ಅನ್ನ ಕಲಸಿದಳು.

"ಹೌದು, ಹಂಗೇ" ಎಂದಳು. "ನಮ್ಮತ್ತೆ ಹೇಳ್ತಿದ್ರು. ಅವರಿಗೆ ಅವರತ್ತೆ ಹೇಳಿದ್ರಂತೆ, ಮಲ್ಲಪ್ಪಜ್ಜನ ಹೆಂಡ್ರು. ಆತ ವಾಪಸ್ ಬಂದಾಗ ಆಯಮ್ಮ ಮೂರು ದಿನ ಬಾಗ್ಲು ತೆಗೀಲಿಲ್ವಂತೆ. ಜಗಲಿ ಮೇಲೇ ಕೂತಿದ್ನಂತೆ. ಕೊನೀಗೆ ಊರ ಪಂಚರು ಬಂದು, ಗಂಡ್ಸು ಬಂದೈತೆ ಬಾಗ್ಲು ತೆಗಿಯವ್ವ ಅಂದ್ರಂತೆ. ತೆಗೆದ್ಲು. ಊಟಕ್ಕಿಟ್ಲು. ಮಾತಾಡ್ಲಿಲ್ಲ. ಆಮೇಲೆ ಒಂದಿನಾನೂ ಮಾತಾಡ್ಲಿಲ್ವಂತೆ ಅವನ ಜೊತೆ. ಸೊಸೆ ಮುಂದೆ ಹೇಳೋಳಂತೆ, ಹೋಗಿ ಕೇಳು ಅವನಿಗೆ ಮುದ್ದೆ ಬೇಕೇನು ಅಂತ."

"ಇದನ್ನ ಇಷ್ಟು ವರ್ಷ ಯಾಕೆ ಯಾರಿಗೂ ಹೇಳಲಿಲ್ಲ ದೊಡ್ಡಮ್ಮ?" ಜಗದಾಂಬಾಳ ಧ್ವನಿ ಈಗ ಏರಿತು, ಸುತ್ತಲಿನವರು ತಿರುಗಿ ನೋಡುವಷ್ಟು.

ಹಾಲಮ್ಮ ಹೆದರಲಿಲ್ಲ. "ಯಾರು ಕೇಳಿದ್ರು? ನಿಮ್ಮಣ್ಣ ಬಂದಿದ್ದ ಬುಕ್ಕು ಬರೀತೀನಿ ಅಂತ. ನನ್ನೂ ಕೇಳ್ದ. ನಿಂಗೆ ಎಷ್ಟು ಮಕ್ಳು, ಯಾವ ಇಸವೀಲಿ ಮದ್ವೆ ಅಂತ. ಅಷ್ಟು ಕೇಳ್ದ, ಅಷ್ಟು ಹೇಳ್ದೆ."

ಆ ದಿನದಿಂದ ಶಿವಶಂಕರಪ್ಪ ತಂಗಿಯ ಜೊತೆ ಮಾತು ಬಿಟ್ಟ. ಮನೆತನದ ವಾಟ್ಸಾಪ್ ಗುಂಪಿನಿಂದ ಅವಳ ಹೆಸರು ಅದೇ ಸಂಜೆ ಹೋಯಿತು. ಅವಳು ಪ್ರತಿ ಬುಧವಾರ ಹೊಳೆಹೊನ್ನೂರಿಗೆ ಹೋಗತೊಡಗಿದಳು. ಹಾಲಮ್ಮನನ್ನು ಒಂದು ಬುಧವಾರ ಮೇಷ್ಟರ ಮನೆಗೇ ಕರೆಸಿ, ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿ, ತಾರೀಖು ಹಾಕಿ ಟ್ರಂಕಿನಲ್ಲಿಟ್ಟಳು. ಹೊನ್ನವ್ವ ಸತ್ತದ್ದು ಯಾವಾಗ ಎಂದು ಅಲ್ಲಿ ಹುಡುಕಿದಳು, ಭದ್ರಾವತಿಯಲ್ಲೂ ಹುಡುಕಿದಳು. ಕೆಂಚಪ್ಪನ ಸಮಾಧಿಗೆ ಗದ್ದೆಯಂಚಿನಲ್ಲಿ ಕಲ್ಲಿದೆ, ವರ್ಷವೂ ಇದೆ. ಅವಳದಕ್ಕೆ ಏನೂ ಸಿಗಲಿಲ್ಲ. ಅದೊಂದು ಸಿಟ್ಟು ಬೇರೆ.

ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ ಶಿವಶಂಕರಪ್ಪ ಹೊಸಮನೆಗೆ ಬಂದ. ಕರೆಯದೆ ಒಳಗೆ ಬಂದು ಕೂತ. ವಿಜಯಕುಮಾರ ಕಾಫಿ ಕೊಟ್ಟ. ಅಣ್ಣ ಇಳಿದುಹೋದಂತೆ ಕಂಡ. ಬಹಳ ಹೊತ್ತು ಮಳೆ, ಮಂಡಿನೋವು ಎಂದೆಲ್ಲ ವಿಜಯಕುಮಾರನ ಜೊತೆ ಮಾತಾಡಿ, ಆಮೇಲೆ ಅವಳ ಕಡೆ ತಿರುಗಿದ.

"ನಾನೂ ಯೋಚನೆ ಮಾಡಿದೆ. ಬರ ಅಂದ್ರೆ ಏನು ಅಂತ ನಮಗೇನು ಗೊತ್ತು? ಮಕ್ಕಳು ಹಸಿವು ಅಂತ ಅಳೋದನ್ನ ನೋಡೋಕಾಗದೆ ಹೋಗಿರಬಹುದು. ನಾವಾಗಿದ್ರೂ ಓಡ್ತಿದ್ವೇನೋ. ಅವನ ಮೇಲೆ ಅಷ್ಟು ಸಿಟ್ಟು ಒಳ್ಳೇದಲ್ಲ ಕಣೇ."

"ಓಡಿದ್ದಕ್ಕೆ ನನಗೆ ಸಿಟ್ಟಿಲ್ಲ" ಎಂದಳು ಜಗದಾಂಬಾ. "ಹಸಿವಿಗೆ ಯಾರು ಬೇಕಾದ್ರೂ ಓಡ್ತಾರೆ. ವಾಪಸ್ ಬಂದನಲ್ಲ, ಬಂದು ಅವಳ ಗದ್ದೆ, ಅವಳ ಬಾವಿ ನೋಡಿದನಲ್ಲ, ನೋಡಿದ ಮೇಲೂ ಯಜಮಾನ ಅಂತ ತನ್ನ ಹೆಸರು ಬರೆಸಿ ಅವಳಿಗೆ ಮನೆಗೆಲಸ ಅಂತ ಬರೆಸಿದನಲ್ಲ. ಅದಕ್ಕೆ. ನೀನೂ ಎರಡೂ ಹಾಳೆ ನೋಡಿದ ಮೇಲೇ ಬರೆಸಿದ್ದು. ಅದಕ್ಕೂ."

ಶಿವಶಂಕರಪ್ಪ ಉಳಿದ ಕಾಫಿ ಕುಡಿದು, ಲೋಟವನ್ನು ಸ್ಟೂಲಿನ ಮೇಲಿಟ್ಟು, ಮಂಡಿ ಹಿಡಿದುಕೊಂಡು ನಿಧಾನಕ್ಕೆ ಎದ್ದ. "ಬರ್ತೀನಿ" ಎಂದ. ಅವಳು ಕೂತಲ್ಲಿಂದಲೇ "ಹೂಂ" ಎಂದಳು. ಗೇಟಿನವರೆಗೆ ವಿಜಯಕುಮಾರನೇ ಹೋಗಿ ಬಿಟ್ಟು ಬಂದ.